ಮಾರ್ಲ್‌ಬಿ ಸ್ಟೇಷನ್ನಿನ ವಿಲ್ಫ್ರೆಡ್

ನನ್ನ ತಮ್ಮ ವಿಲ್ಫ್ರೆಡ್ ಮಾರ್ಲ್‌ಬಿ ಸ್ಟೇಷನ್ನಿನ ಪೋರ್ಟರ್. ಹೆಸರಿಗಷ್ಟೇ ಪೋರ್ಟರ್, ಟಿಕೆಟ್ ಕೊಡುವವನು, ದೀಪ ಹಚ್ಚುವವನು, ಚಳಿಗೆ ಪ್ರಯಾಣಿಕರ ಕೋಣೆಯ ಒಲೆಗೆ ಬೆಂಕಿ ಹಾಕುವವನು, ಎಲ್ಲ ಅವನೇ. ಮದುವೆಯಾಗಲಿಲ್ಲ. ಪ್ಲಾಟ್‌ಫಾರ್ಮಿನ ಗುಲಾಬಿ ಗಿಡಗಳ ಮೇಲಿದ್ದ ಅಕ್ಕರೆಯಲ್ಲಿ ಅರ್ಧವನ್ನು ಯಾವಳಾದರೂ ಒಬ್ಬ ಹುಡುಗಿಗೆ ತೋರಿಸಿದ್ದರೆ ಅವನ ಅಂಗಿ ಒಗೆಯುವ ಕೆಲಸ ನನಗೆ ತಪ್ಪುತ್ತಿತ್ತು.

ಸ್ಟೇಷನ್ ಮುಚ್ಚುತ್ತೇವೆಂದು ಮೇಲಿನವರು ನೋಟೀಸು ಅಂಟಿಸಿದಾಗ ಊರೇ ಸಿಡಿದೆದ್ದಿತು. ಮುಚ್ಚುವುದು ಬೇಡವೆನ್ನುವವರು ಪಟ್ಟಣದಲ್ಲಿ ನಡೆಯುವ ವಿಚಾರಣೆಗೆ ಹೋಗಿ ಹೇಳಬೇಕಿತ್ತು. ಪಾದ್ರಿಯವರ ಹೆಂಡತಿ ಮಿಸೆಸ್ ಪಿಂಡರ್ ಮುಂದಾಳು. ವಿಚಾರಣೆಯ ದಿನ ಬೆಳಿಗ್ಗೆ ವಿಲ್ಫ್ರೆಡ್ ಬೆಂಚುಗಳನ್ನೆಲ್ಲ ಒರೆಸಿ, ಎಲ್ಲರಿಗೂ ಆಗುವಷ್ಟು ಚಹಾ ಮಾಡಿಟ್ಟು ಕಾದ. ರೈಲು ಬಂತು, ಜನ ಬರಲಿಲ್ಲ. ಬದಲಿ ಪೋರ್ಟರಿಗೆ ಕೀಲಿ ಕೊಟ್ಟು ಅವನೂ ನಾನೂ ಇಬ್ಬರೇ ಹತ್ತಿದೆವು.

ಪಟ್ಟಣದ ಸಭಾಭವನದ ಮುಂದೆ ಒಂದು ಬಸ್ಸಿನಿಂದ ನಮ್ಮೂರಿನವರೆಲ್ಲ ಇಳಿಯುತ್ತಿದ್ದರು.

"ನಿನಗ್ಯಾಕೆ ತೊಂದರೆ ಅಂತ ಬಸ್ ಮಾಡ್ಕೊಂಡ್ವಿ ಕಣಪ್ಪ," ಎಂದರು ಮಿಸೆಸ್ ಪಿಂಡರ್. "ಇಷ್ಟು ಜನ ಒಟ್ಟಿಗೆ ನುಗ್ಗಿದ್ರೆ ನೀನೊಬ್ಬ ಏನು ಮಾಡ್ತೀಯ, ಪಾಪ!"

ನಮ್ಮೂರಿನವರೇ ಹೀಗೆ. ತಮ್ಮ ಮನೆಗೆ ಬೆಂಕಿ ಬಿದ್ದರೂ ಪಕ್ಕದವರಿಗೆ ತೊಂದರೆಯಾದೀತೆಂದು ಮೆಲ್ಲಗೆ ಕೂಗುತ್ತಾರೆ.

ಒಳಗೆ ಒಬ್ಬೊಬ್ಬರೂ ಎದ್ದು, ರೈಲಿಲ್ಲದಿದ್ದರೆ ಬದುಕೇ ಇಲ್ಲವೆಂದರು. ಅಧ್ಯಕ್ಷರು ಸಾವಧಾನವಾಗಿ ಕೇಳಿಸಿಕೊಂಡರು. "ಸರಿ, ಇವತ್ತು ರೈಲಲ್ಲಿ ಬಂದವರು ಕೈ ಎತ್ತಿ."

ಎತ್ತಿದವರು ನಾವಿಬ್ಬರೇ.

"ಟಿಕೆಟ್ ತಗೊಂಡ್ರಾ?"

"ಇಲ್ಲ ಸರ್, ಪಾಸು," ಎಂದ ತಮ್ಮ. "ನಾನು ಪೋರ್ಟರು. ಇವರು ನಮ್ಮಕ್ಕ."

ಅಧ್ಯಕ್ಷರು ಅದನ್ನು ಬರೆದುಕೊಂಡು ಫೈಲು ಮುಚ್ಚಿದರು. ವಾಪಸು ಬರುವಾಗ ರೈಲಿನಲ್ಲಿ ನಾನು ಊರಿನವರನ್ನೆಲ್ಲ ಬೈದೆ.

"ಒಳ್ಳೇ ಮನಸ್ಸಿಂದ ಮಾಡಿದ್ದು, ಬಿಡಕ್ಕ," ಎಂದ ತಮ್ಮ.

"ಆ ಒಳ್ಳೇ ಮನಸ್ಸೇ ನಿನ್ನ ಸ್ಟೇಷನ್ನಿಗೆ ಬೀಗ ಹಾಕುತ್ತೆ, ನೋಡ್ತಿರು," ಎಂದೆ.

ಆ ಚಳಿಗಾಲ ಕಳೆಯುವುದರೊಳಗೆ ಬೀಗ ಬೀಳುವ ದಿನ ಬಂತು. ಕೊನೆಯ ರೈಲಿನಲ್ಲಿ ಒಮ್ಮೆ ಹೋಗಿಬರಬೇಕೆಂದು ಊರಿಗೆ ಊರೇ ಬಂತು. ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ಮಿಸೆಸ್ ಪಿಂಡರ್ ಅಳುತ್ತಲೇ ಕಿಟಕಿಯ ಬಳಿ ಬಂದು ಟಿಕೆಟ್ ಕೇಳಿದರು. ಜನ್ಮದಲ್ಲಿ ಯಾರಿಗೂ ಬಿರುಸಾಗಿ ಮಾತಾಡದ ನನ್ನ ತಮ್ಮ ಟಿಕೆಟ್ ಮುಂದಿಟ್ಟು ಕೇಳಿದ: "ಯಾಕಮ್ಮ, ಇವತ್ತು ಬಸ್ ಸಿಗಲಿಲ್ವಾ?"

ಅವರ ಅಳು ನಿಂತುಹೋಯಿತು. ವಿಲ್ಫ್ರೆಡ್ ಎದ್ದು ಮೂಲೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಅಳತೊಡಗಿದ. ಹಿಂದೆ ನಿಂತಿದ್ದವರಿಗೆಲ್ಲ ಅವನ ಜಾಗದಲ್ಲಿ ಕೂತು ನಾನೇ ಟಿಕೆಟ್ ಕೊಟ್ಟೆ.