ಕುರಿಮರಿ ತಿಂದ ಹಾಳೆ

ಒಲೆಯ ಮೇಲೆ ಜೋಳದ ಹಿಟ್ಟಿನ ಅಂಟು ಕುದಿಯುವ ವಾಸನೆ ಬಂದೊಡನೆ ಮೂಡಲಗಿ ಕಡೆಯ ನಮ್ಮ ಕುರಿಹಟ್ಟಿ ಕಣ್ಣಮುಂದೆ ಬಂತು.

ಕುರಿಗಳ ಹಿಂದೆ ಊರೂರು ತಿರುಗುವ ತಿಂಗಳುಗಳಲ್ಲಿ ಅಪ್ಪನೇ ನಮಗೆ ಮಾಸ್ತರ. ಅಕ್ಕ ಓದಿ ಮುಗಿಸಿದ ಪುಸ್ತಕವೇ ನನ್ನ ಪುಸ್ತಕ. ಒಮ್ಮೆ ಅದರ ಒಂದು ಹಾಳೆಯನ್ನು ಕುರಿಮರಿ ತಿಂದುಬಿಟ್ಟಿತು. ನಾನು ಅಳತೊಡಗಿದಾಗ ಅಪ್ಪ ಅಕ್ಕನನ್ನು ಕರೆದ.

"ನೀ ಓದಿದ್ದ ಐತಲ್ಲ, ಹೇಳವ್ವಾ. ನಾ ಬರ್ಕೊಂತೇನಿ."

ಅಕ್ಕ ಹೇಳಿದಳು, ಅಪ್ಪ ಬರೆದ. ಅವ್ವ ಜೋಳದ ಅಂಟು ಹಚ್ಚಿ ಆ ಹಾಳೆಯನ್ನು ಪುಸ್ತಕಕ್ಕೆ ಕೂಡಿಸಿದಳು.

ಈಗ ಗೋಕಾಕದಲ್ಲಿ ನನ್ನ ಮಕ್ಕಳಿಗೂ ಮನೆಯಲ್ಲೇ ಪಾಠ. ಅಚ್ಚಿನ ಪುಸ್ತಕ ಯಾಕೆ, ಟ್ಯಾಬ್‌ನಲ್ಲೇ ಎಲ್ಲ ಇರುತ್ತದೆ ಎಂದ ಕಂಪನಿಯವರನ್ನು ನಂಬಿದೆ. ಮಗ ಓದಿ ಮುಗಿಸಿದ. ಇವತ್ತು ಮಗಳಿಗೆಂದು ತೆರೆದರೆ ಪ್ರತಿ ಪಾಠಕ್ಕೂ ಬೀಗ! ಕಂಪನಿಗೆ ಫೋನ್ ಮಾಡಿದೆ.

"ಅದು ನಿಮ್ಮ ಮಗನಿಗಷ್ಟ ಇತ್ರಿ ಮೇಡಮ್. ಮಗಳಿಗೆ ಹೊಸದು ತಗೋಬೇಕ್ರಿ."

ಫೋನ್ ಇಟ್ಟವಳೇ ಒಲೆಯ ಮೇಲೆ ಅಂಟು ಕುದಿಯಲಿಟ್ಟೆ. ಅಣ್ಣ ಓದಿದ್ದನ್ನು ತಂಗಿ ಓದಬಾರದು ಎನ್ನಲು ಇವರು ಯಾರು? ಆ ಕುರಿಮರಿಯಾದರೂ ಒಂದೇ ಹಾಳೆ ತಿಂದಿತ್ತು. ಇವರು ಇಡೀ ಪುಸ್ತಕವನ್ನೇ ನುಂಗಿ ಕೂತಿದ್ದಾರೆ.

ಅಂಟು ಆರುತ್ತಿದೆ. ಮಗನನ್ನು ಎದುರಿಗೆ ಕೂಡಿಸಿಕೊಂಡಿದ್ದೇನೆ.

"ಹೇಳಪಾ, ನಾ ಬರ್ಕೊಂತೇನಿ."