ಉತ್ತರದ ಬೆಟ್ಟ

ಮೈಸೂರಿನ ನಮ್ಮ ಮನೆಯ ಅಡುಗೆಮನೆಯನ್ನು ವಾಸ್ತುವಿನ ಹೆಸರಿನಲ್ಲಿ ಎರಡು ಸಲ ಒಡೆದು ಕಟ್ಟಿದ್ದಾರೆ. ಎರಡು ಸಲವೂ ಒಲೆ ಉರಿದದ್ದು ಒಂದೇ ಥರ, ಸಾರು ಕುದಿದದ್ದೂ ಒಂದೇ ಥರ. ಹಾಗಾಗಿ ದಿಕ್ಕು, ಮೂಲೆ ಅಂತ ಯಾರಾದರೂ ಶುರು ಮಾಡಿದರೆ ನನಗೆ ನಗು ಬರುತ್ತಿತ್ತು. ಮರೆಯಲ್ಲಿ ನಗುವವಳೂ ಅಲ್ಲ ನಾನು, ಎದುರಿಗೇ ನಗುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನನ್ನನ್ನು ಪುಕ್ಕಲಿ ಅಂದುಕೊಳ್ಳಬೇಡಿ.

ಕೆಲವು ವರ್ಷಗಳ ಹಿಂದೆ ಹೊರದೇಶದಲ್ಲಿ, ಆಮರ್ಸ್‌ಫೋರ್ಟ್ ಎಂಬ ಊರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಹಳೆಯ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡವರು ಅದರೊಳಗೆ ಓಡಾಡುವ ಹಾಗೆ ಮಾಡುವುದು ನಮ್ಮ ಕೆಲಸ. ಆಗ ಒಂದು ಮ್ಯೂಸಿಯಂಗಾಗಿ ಬೀಜಿಂಗಿನ ಚಕ್ರವರ್ತಿಗಳ ಹಳೆಯ ಅರಮನೆಯನ್ನು ಕಟ್ಟುತ್ತಿದ್ದೆವು. ಅದನ್ನು ಪರೀಕ್ಷಿಸಲು ಪ್ರತಿ ಮಂಗಳವಾರ ದೂರದ ಕಾಪೆಲ್ಲೆಯಿಂದ ಲಿನ್ ಎಂಬ ಹಿರಿಯರು ರೈಲಿನಲ್ಲಿ ಬರುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಯೌವನದಲ್ಲಿ ಅದೇ ಅರಮನೆಯ ಮರಗೆಲಸ ರಿಪೇರಿ ಮಾಡಿದ್ದವರು. ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ, ನಾವು ಪ್ರಿಂಟ್ ತೆಗೆದುಕೊಟ್ಟರೆ ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿಕೊಡುತ್ತಿದ್ದರು.

ಕಂಬ, ಛಾವಣಿಗಿಂತ ಅವರಿಗೆ ಫೆಂಗ್ ಶುಯಿ, ಅಂದರೆ ಅವರ ಕಡೆಯ ವಾಸ್ತು, ದೊಡ್ಡದು. ಅರಮನೆಯ ಮುಖ ದಕ್ಷಿಣಕ್ಕಿರಬೇಕು, ಮುಂದೆ ನೀರು ಬಿಲ್ಲಿನಂತೆ ಬಾಗಿ ಹರಿಯಬೇಕು, ಹಿಂದೆ ಉತ್ತರದಲ್ಲಿ ಬೆಟ್ಟವಿರಬೇಕು. ಅಲ್ಲಿ ಬೆಟ್ಟವಿಲ್ಲದ್ದಕ್ಕೆ ಕಂದಕ ತೋಡಿದ ಮಣ್ಣನ್ನೇ ಹೊತ್ತು ಸುರಿದು ಬೆಟ್ಟ ಮಾಡಿದರಂತೆ.

"ಆ ಬೆಟ್ಟ ಇಲ್ದಿದ್ರೆ ಸಿಂಹಾಸನದಲ್ಲಿ ಕೂತವನ ಬೆನ್ನಿಗೆ ಗಾಳಿ ಹೊಡೆಯುತ್ತೆ," ಎನ್ನುತ್ತಿದ್ದರು.

"ನಮ್ಮಲ್ಲಿ ಉಲ್ಟಾ, ಲಿನ್ ಅವರೇ. ಉತ್ತರ ಹಗುರಾಗಿರಬೇಕು. ಅಲ್ಲಿ ಭಾರ ಇಟ್ರೆ ಮನೆ ಉದ್ಧಾರ ಆಗಲ್ಲ ಅಂತಾರೆ ನಮ್ಮತ್ತೆ," ಎಂದು ನಾನು ಛೇಡಿಸಿದ್ದೆ.

"ನಿಮ್ಮೂರಿನ ಉತ್ತರದ ಗಾಳಿ ಒಳ್ಳೇದಿರಬೇಕು," ಎಂದು ಅವರೂ ನಕ್ಕಿದ್ದರು.

ಅವರಿಗೆ ಒಂದೇ ಒಂದು ಭಯವಿತ್ತು. ಹೆಸರುಗಳು, ಬೀಗದ ಕೈ, ರೈಲಿನ ಪ್ಲಾಟ್‌ಫಾರ್ಮ್ ಮರೆಯಲು ಶುರುವಾಗಿತ್ತು. ಮಾಸ್ಟ್ರಿಕ್ಟ್‌ನಲ್ಲಿದ್ದ ಮಗಳು, ಬಂದು ತನ್ನ ಜೊತೆಗಿರಿ ಎಂದು ಒತ್ತಾಯಿಸುತ್ತಿದ್ದಳು. ಅರಮನೆಯ ವಿಷಯದಲ್ಲಿ ಮಾತ್ರ ಇನ್ನೂ ತಪ್ಪಿಲ್ಲ ಎಂಬ ಧೈರ್ಯದಲ್ಲೇ ಅವರು ಒಬ್ಬರೇ ಇದ್ದರು. "ನಾನು ತಪ್ಪಿದ ದಿನ ಮುಲಾಜಿಲ್ಲದೆ ಹೇಳಿಬಿಡು. ಅವತ್ತೇ ನಿಲ್ಲಿಸ್ತೀನಿ," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಜನವರಿಯ ಒಂದು ಬುಧವಾರ. ಮರುದಿನ ಬೆಳಿಗ್ಗೆ ಮ್ಯೂಸಿಯಂನವರಿಗೆ ಅರಮನೆ ತೋರಿಸಬೇಕಿತ್ತು. ಹೊರಗೆ ಒಂದು ಎಲೆಯೂ ಅಲ್ಲಾಡದಂಥ ಮಂಜು. ಸೈಕಲ್ ತುಳಿದು ಬಂದವರೆಲ್ಲ ಇವತ್ತು ಗಾಳಿಯೇ ಇಲ್ಲ ಎಂದು ಖುಷಿಯಲ್ಲಿದ್ದರು. ನಮ್ಮ ಫೈಲು ಮಾತ್ರ ಭಾರವಾಗಿ, ಸಿಂಹಾಸನದ ಸಭಾಂಗಣದಲ್ಲಿ ತಲೆ ತಿರುಗಿಸಿದರೆ ಚಿತ್ರ ತಡವರಿಸುತ್ತಿತ್ತು. ಏನಾದರೂ ತೆಗೆಯಲೇಬೇಕಿತ್ತು. ನನ್ನ ಕೈ ಸೀದಾ ಹೋದದ್ದು ಉತ್ತರಕ್ಕೆ. ಎಷ್ಟು ನಕ್ಕರೂ ಅತ್ತೆಯ ಪಾಠ ಎಲ್ಲೋ ಒಳಗೆ ಕೂತಿತ್ತೇನೋ. ಮರಗಳ ಸಮೇತ ಇಡೀ ಬೆಟ್ಟವನ್ನು ಒಂದು ಕ್ಲಿಕ್ಕಿನಲ್ಲಿ ಮರೆಮಾಡಿದೆ. ಫೈಲು ಹೂವಿನಂತೆ ಹಗುರಾಯಿತು.

"ವಾಸ್ತು ಪ್ರಕಾರನೂ ಸರಿಹೋಯ್ತು ನೋಡೋ," ಎಂದೆ, ಪಕ್ಕದಲ್ಲಿದ್ದ ಸಹೋದ್ಯೋಗಿ ಕಿರಣನಿಗೆ. ಅವನೂ ಮೈಸೂರಿನವನೇ.

"ಯಾರಿಗೆ ಗೊತ್ತಾಗುತ್ತೆ ಬಿಡು. ಸಿಂಹಾಸನದಲ್ಲಿ ಕೂತೋನು ದಕ್ಷಿಣಕ್ಕೆ ತಾನೇ ನೋಡೋದು!" ಎಂದ ಅವನು.

ಹತ್ತು ನಿಮಿಷವೂ ಆಗಿರಲಿಲ್ಲ, ಫೋನ್ ಬಂತು. ಲಿನ್. ಅವರು ಮಂಗಳವಾರ ಬಿಟ್ಟು ಬೇರೆ ದಿನ ಫೋನ್ ಮಾಡಿದ್ದೇ ಇಲ್ಲ.

"ನನ್ನ ಬೆನ್ನಿಗೆ ಗಾಳಿ ಹೊಡೀತಿದೆ. ಬೆಟ್ಟ ಇದೆ ತಾನೇ?"

ತೆಗೆದಿದ್ದೇನೆ ಎನ್ನಲು ಒಂದೇ ಮಾತು ಸಾಕಿತ್ತು. ನಾಚಿಕೆಗೋ, ಅವರಿಗೆ ಬೇಜಾರಾಗುತ್ತದೆಂದೋ, ಬಾಯಿಗೆ ಬಂದದ್ದು ಬೇರೆ. "ಇದೆ ಲಿನ್ ಅವರೇ. ಬೆಟ್ಟ ಎಲ್ಲಿಗೆ ಹೋಗುತ್ತೆ?"

"ಹಾಗಾದ್ರೆ ನನ್ನ ಮನೆ ಕಿಟಕಿನೇ ಇರಬೇಕು. ನೋಡ್ತೀನಿ," ಎಂದು ಫೋನ್ ಇಟ್ಟರು.

ಸುಮ್ಮನೆ ಕೇಳಿದ್ದಾರೆ, ತಲೆ ಕೆಡಿಸಿಕೊಳ್ಳಬೇಡ ಎಂದ ಕಿರಣ. ಆದರೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಕೊನೆಗೆ ಬೆಟ್ಟವನ್ನು ಇದ್ದಲ್ಲಿಗೇ ತಂದು, ಬೇರೆ ಕಡೆ ಹೆಂಚುಗಳನ್ನು ಕಡಿಮೆ ಮಾಡಿದೆ. ಆಗ ಮೂರೂ ಮುಕ್ಕಾಲು. ಆ ಸಮಯ ಫೈಲಿನಲ್ಲಿ ದಾಖಲಾಗಿದೆ, ಆಮೇಲೆ ಎಷ್ಟೋ ಸಲ ತೆಗೆದು ನೋಡಿದ್ದೇನೆ.

ಸಂಜೆ ಲಿನ್ ಅವರ ಮಗಳ ಫೋನ್. ಅಡುಗೆಮನೆಯ ಮೇಲಿನ ಕಿಟಕಿ ನೋಡಲು ಸ್ಟೂಲ್ ಹತ್ತಿ ಬಿದ್ದು, ಅವರ ಸೊಂಟದ ಮೂಳೆ ಮುರಿದಿತ್ತು. ಪಕ್ಕದ ಮನೆಯವರು ಬರುವವರೆಗೆ ನೆಲದ ಮೇಲೇ ಇದ್ದರಂತೆ. ಮನೆಯ ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದವಂತೆ.

ಶನಿವಾರ ಆಸ್ಪತ್ರೆಗೆ ಹೋದೆ. ಮಗಳು ಮಂಚದ ಪಕ್ಕದಲ್ಲೇ ನಿಂತಿದ್ದಳು. ಲಿನ್ ನನ್ನ ಕೈ ಹಿಡಿದುಕೊಂಡರು. "ಬಿದ್ದಲ್ಲಿಂದ ಗೋಡೆ ಗಡಿಯಾರ ಕಾಣ್ತಿತ್ತು. ಮೂರೂ ಮುಕ್ಕಾಲಿಗೆ ಗಾಳಿ ನಿಂತುಹೋಯ್ತು," ಎಂದರು. ಅವರು ನನ್ನ ಮುಖವನ್ನೇ ನೋಡುತ್ತಾ ಕೇಳಿದರು: "ನಿಜ ಹೇಳು. ಬೆಟ್ಟ ಇತ್ತಾ?"

ಮಗಳು ನನ್ನ ಕಡೆ ತಿರುಗಿದಳು. ನಿಮ್ಮಪ್ಪ ಬಿದ್ದದ್ದು ನನ್ನ ಸುಳ್ಳಿನಿಂದ ಎಂದು ಅವಳೆದುರು ಹೇಳುವ ಧೈರ್ಯ ನನಗೆ ಬರಲಿಲ್ಲ. ಥೂ, ಆ ಘಳಿಗೆ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

"ಇತ್ತು," ಎಂದೆ.

"ಹಾಗಾದ್ರೆ ನನ್ನ ತಲೆನೇ ಸರಿಯಿಲ್ಲ. ಮುಗೀತು," ಎಂದ ಲಿನ್, ಕೋಟಿನ ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಮಗಳ ಕಡೆ ತಿರುಗಿ, ಮಾಸ್ಟ್ರಿಕ್ಟ್‌ಗೆ ಬರುತ್ತೇನೆ ಎಂದರು.

ಅವರು ಮತ್ತೆ ಯಾವ ನಕ್ಷೆಯನ್ನೂ ನೋಡಲಿಲ್ಲ. ನಾನು ಎರಡು ಸಲ ಪತ್ರ ಬರೆದು ಹರಿದು ಹಾಕಿದೆ. ಮರುವರ್ಷ ತೀರಿಕೊಂಡರು.

ಕಿರಣ ಇದನ್ನು ಕಾಕತಾಳೀಯ ಅನ್ನುತ್ತಾನೆ. ಇರಬಹುದು. ಮಂಜು ಕವಿದ ಆ ಮಧ್ಯಾಹ್ನ, ಮುಚ್ಚಿದ ಮನೆಯೊಳಗೆ, ಆಮರ್ಸ್‌ಫೋರ್ಟ್‌ನ ಒಂದು ಕ್ಲಿಕ್ಕಿಗೆ ಕಾಪೆಲ್ಲೆಯಲ್ಲಿ ಗಾಳಿ ಹೇಗೆ ಬೀಸಿತು ಎಂದು ನನಗೆ ಗೊತ್ತಿಲ್ಲ. ದಿಕ್ಕುಗಳನ್ನು ನಂಬುತ್ತೇನೆ ಎಂದು ಈಗಲೂ ಹೇಳಲಾರೆ. ಆ ದಿನ ಲಿನ್ ತಪ್ಪಿರಲಿಲ್ಲ ಎಂಬುದಷ್ಟೇ ಗೊತ್ತು. ಅದನ್ನು ಅವರಿಗೆ ಹೇಳಬೇಕಾಗಿತ್ತು, ನಿಮಗೆ ಹೇಳುತ್ತಿದ್ದೇನೆ.