ಭಾವನ ಬಲಗಣ್ಣು

ನನ್ನ ಭಾವನ ಬಲಗಣ್ಣು ಹೋದದ್ದು ನನ್ನ ಕೈಯಿಂದ. ಇದು ಊರಿಗೆಲ್ಲ ಗೊತ್ತು. ಅದು ಅಚಾತುರ್ಯದಿಂದ ಆಯಿತು ಎಂದೂ ಊರು ನಂಬಿತ್ತು. ಆ ಎರಡನೆಯ ಮಾತು ಸುಳ್ಳು ಎಂಬುದು ಎರಡು ತಿಂಗಳು ನನ್ನೊಬ್ಬನಿಗೇ ಗೊತ್ತಿತ್ತು.

ನಮ್ಮದು ವೈರಿಂಗ್ ಕೆಲಸ. ಕಲಿಸಿದವರು ಅಕ್ಕನ ಗಂಡ, ಇದೇ ಭಾವ. ಗೋಣಿಬೀಡಿನ ಸುತ್ತಲಿನ ಕಾಫಿ ಎಸ್ಟೇಟುಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ, ಪಂಪ್ ಶೆಡ್, ಕೂಲಿಯವರು ಇರುವ ಲೈನು ಮನೆ ಎಲ್ಲಕ್ಕೂ ನಾವಿಬ್ಬರೇ ಹೋಗುತ್ತಿದ್ದೆವು. ನೆಲದೊಳಗೆ ಹೂತ ಪೈಪಿನಲ್ಲಿ ಕೇಬಲ್ ಎಳೆಯಬೇಕಾದರೆ ಮೊದಲು ಒಂದು ದಾರ ಆಚೆ ತುದಿಗೆ ಹೋಗಬೇಕು. ದಾರಕ್ಕೆ ಹಗ್ಗ, ಹಗ್ಗಕ್ಕೆ ಕೇಬಲ್. ಮುಂಚೆಲ್ಲ ಉಕ್ಕಿನ ತಂತಿ ತುರುಕಿ ತುರುಕಿ ಬೆರಳಿನ ಚರ್ಮ ಕಿತ್ತುಕೊಳ್ಳುತ್ತಿದ್ದೆವು. ಆಮೇಲೆ ಭಾವ ಒಂದು ಗ್ಯಾಸ್ ಸಿಲಿಂಡರ್ ತಂದರು, ಸೋಡಾ ಮಾಡುವವರು ಇಟ್ಟುಕೊಳ್ಳುವಂಥದ್ದು. ದಾರದ ತುದಿಗೆ ಸ್ಪಂಜಿನ ಉಂಡೆ ಕಟ್ಟಿ, ಪೈಪಿನೊಳಗೆ ತಳ್ಳಿ, ಹಿಂದಿನಿಂದ ಗ್ಯಾಸ್ ಬಿಟ್ಟರೆ ಮುನ್ನೂರು ಅಡಿ ಆಚೆ ಉಂಡೆ ಚಿಮ್ಮಿ ಬೀಳುತ್ತಿತ್ತು. ಒಂದು ಸಲ ಎದುರಿನ ಗೋಡೆಗೆ ಬಡಿದು ಸುಣ್ಣ ಉದುರಿಸಿತ್ತು.

ಆದ್ದರಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಆಚೆ ತುದಿಯವನು ಪೈಪಿನ ಬಾಯಿಂದ ಪಕ್ಕಕ್ಕೆ ಸರಿದು ಕೂ ಹಾಕಬೇಕು, ಅದು ಕೇಳಿಸಿದ ಮೇಲೆಯೇ ಈಚೆಯವನು ವಾಲ್ವ್ ತಿರುಗಿಸಬೇಕು. ಹೆಚ್ಚಿನ ತೋಟಗಳಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಕೂ ಹಾಕುವುದು ನಮ್ಮ ಕಡೆಯವರಿಗೆ ಮಾತಿನಷ್ಟೇ ಸಲೀಸು. ತೋಟದಲ್ಲಿ ಒಬ್ಬರು ಕೂ ಎಂದರೆ ಕೇಳಿಸಿಕೊಂಡವರು ಕೂ ಎನ್ನಲೇಬೇಕು. ಆನೆ ತಿರುಗುವ ಜಾಗದಲ್ಲಿ ನಾನಿಲ್ಲಿ ಇದ್ದೇನೆ ಎಂದು ತಿಳಿಸಲು ಮತ್ತೇನು ಮಾಡುವುದು?

ಆ ದಿನ ಜಾವಳಿ ಕಡೆಯ ಒಂದು ತೋಟದಲ್ಲಿದ್ದೆವು. ಮೇಲೆ ಜನರೇಟರ್ ಶೆಡ್, ಕೆಳಗೆ ಪಲ್ಪರ್ ಮನೆ, ನಡುವೆ ಒತ್ತಾಗಿ ಬೆಳೆದ ಕಾಫಿ. ಒಂದು ತುದಿಯಿಂದ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ಮೂರು ವಾರದ ಹಿಂದೆ ಪೈಪ್ ಹೂತವನು ನಾನೇ. ಕೆಳಗಿನ ಬಾಯಿಗೆ ಒಂದು ಚಿಂದಿ ತುರುಕುವುದಕ್ಕೂ ಸೋಮಾರಿತನ ಮಾಡಿ ಬಂದಿದ್ದೆ. ಅಕಾಲದ ಮಳೆ ಬಂದು ಕೆಸರು, ಜಲ್ಲಿ ಎಲ್ಲ ಒಳಗೆ ಸೇರಿತ್ತು. ನಾನು ಮೇಲಿನಿಂದ ಮೂರು ಸಲ ಗ್ಯಾಸ್ ಬಿಟ್ಟರೂ ಉಂಡೆ ದಾರಿಯಲ್ಲೇ ಕಚ್ಚಿಕೊಂಡಿತು.

ಭಾವ ನನ್ನನ್ನು ಕೆಳಕ್ಕೆ ಕರೆದರು. ಹೋದವನ ಕುತ್ತಿಗೆ ಹಿಡಿದು ಮುಖವನ್ನು ಪೈಪಿನ ಬಾಯಿಗೆ ಒತ್ತಿದರು.

“ನೋಡು ಮಾರಾಯ, ಸರೀ ನೋಡು. ಒಂದು ಬಟ್ಟೆ ತುರುಕಿ ಹೋಗೋಕೆ ನಿಂಗೆ ಎಂತ ಆಗಿತ್ತು?”

ಪೈಪಿನ ಅಂಚು ತಾಗಿ ಮೂಗಿನ ಮೇಲೆ ಚರ್ಮ ಸೀಳಿತು. ಪಕ್ಕದ ಸಾಲಿನಲ್ಲಿ ಹಣ್ಣು ಕುಯ್ಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ನನಗಾಗ ಮೂವತ್ತೈದು ವರ್ಷ, ಎರಡು ಮಕ್ಕಳ ತಂದೆ. ತಪ್ಪು ನನ್ನದೇ ಎಂಬುದು ಕೋಪವನ್ನು ಇನ್ನಷ್ಟು ಹೆಚ್ಚಿಸಿತು.

“ಮೇಲೆ ಹೋಗು. ನಾ ಇಲ್ಲಿ ಸ್ವಲ್ಪ ಕೆದಕಿ ನೋಡ್ತೀನಿ. ನಾ ಕೂ ಹಾಕೋವರ್ಗೂ ವಾಲ್ವ್ ಮುಟ್ಬೇಡ,” ಎಂದರು.

ನಾನು ರಕ್ತ ಒರೆಸಿಕೊಳ್ಳುತ್ತಾ ಏರು ಹತ್ತಿದೆ. ಒಂದೊಂದು ಹೆಜ್ಜೆಗೂ ಹಾಳಾಗಿ ಹೋಗಲಿ, ಸಾಯಲಿ ಎಂದು ಬೈದುಕೊಂಡೆ. ಬಾಯಿಬಿಟ್ಟೇ ಬೈದೆ. ಶೆಡ್ ತಲುಪಿ ವಾಲ್ವಿನ ಮೇಲೆ ಕೈಯಿಟ್ಟು ಕಾದೆ. ಏನೂ ಕೇಳಿಸಲಿಲ್ಲ. ತಡೆಯಲಾರದೆ ನಾನೇ ಒಂದು ಕೂ ಹಾಕಿದೆ. ಕೆಳಗಿನಿಂದ ಕೂ ಬಂತು.

ಭಾವನ ಕೂ ಗೊಗ್ಗರು, ಗಿಡ್ಡ. ಬಂದದ್ದು ಸಣ್ಣ ದನಿ, ಉದ್ದಕ್ಕೆ ಎಳೆದದ್ದು, ಹೆಂಗಸಿನದು. ಹದಿನೈದು ವರ್ಷ ಭಾವನ ಜೊತೆ ದುಡಿದವನಿಗೆ ಅಷ್ಟು ತಿಳಿಯುವುದಿಲ್ಲವೇ? ತಿಳಿಯಿತು. ತಿಳಿದೇ ತಿರುಗಿಸಿದೆ, ಪೂರ್ತಿ ತಿರುಗಿಸಿದೆ.

ಸಿಲಿಂಡರಿನ ಕುತ್ತಿಗೆಗೆ ಬಿಳಿ ಹಿಮ ಹತ್ತಿತು. ಗ್ಯಾಸ್ ಹೋಗುವ ಹೋಸ್ ಸೆಟೆದುಕೊಂಡು ನನ್ನ ಮೊಣಕಾಲಿಗೆ ಬಡಿಯಿತು. ನೆಲದೊಳಗೆ ಏನೋ ಗುಡುಗುಡು ಎಂದು ಕೆಳಗೆ ಓಡಿತು. ಆಮೇಲೆ ಭಾವ ಕಿರುಚಿದರು. ಅಂಥ ಚೀತ್ಕಾರವನ್ನು ನಾನು ಅದುವರೆಗೆ ಯಾವ ಗಂಡಸಿನ ಬಾಯಲ್ಲೂ ಕೇಳಿರಲಿಲ್ಲ.

ಓಡಿಹೋಗಿ ನೋಡಿದರೆ ಅವರು ಮೊಣಕಾಲೂರಿ ಕೂತು ಎರಡೂ ಕೈಯಿಂದ ಮುಖ ಅದುಮಿಕೊಂಡಿದ್ದರು. ಬೆರಳ ಸಂದಿಯಿಂದ ಕೆಸರೂ ರಕ್ತವೂ ಇಳಿಯುತ್ತಿದ್ದವು. ಕೈ ಬಿಡಿಸಿದೆ. ಹಣೆಯ ವಿಭೂತಿಯ ಕೆಳಗೆ, ಬಲಗಣ್ಣಿರಬೇಕಾದ ಕಡೆ ಜಲ್ಲಿಯ ಚೂರೊಂದು ಕಚ್ಚಿಕೊಂಡಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜೀಪ್ ತಂದರು. ಚಿಕ್ಕಮಗಳೂರು ಮುಟ್ಟುವವರೆಗೂ ಭಾವನ ತಲೆ ನನ್ನ ತೊಡೆಯ ಮೇಲಿತ್ತು.

“ಕೂ ಯಾರು ಹಾಕಿದ್ದು?” ಎಂದು ಭಾವ ಒಮ್ಮೆ ಕೇಳಿದರು.

“ನಿಮ್ದೇ ಅಂದ್ಕೊಂಡೆ ಭಾವ.”

ಅವರು ನಂಬಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣನ್ನು ತೆಗೆದೇಬಿಟ್ಟರು. ನೋಡಲು ಬಂದವರಿಗೆಲ್ಲ ಭಾವ ಮಲಗಿದಲ್ಲಿಂದಲೇ, “ಅವಂದೇನು ತಪ್ಪಿಲ್ಲ, ಯಾರೋ ಕುಯ್ಲಿನೋಳು ಕೂ ಅಂದಿದ್ಲು,” ಎನ್ನುತ್ತಿದ್ದರು. ಆ ಮಾತು ತೋಟಕ್ಕೂ ಹೋಯಿತು. ಕೂ ಅಂದವಳು ಯಾರೆಂದು ಗೊತ್ತಾಗಿ, ಲೈನಿನವರು ಅವಳನ್ನು ಕಣ್ಣು ತೆಗೆದವಳು ಎಂದು ಕರೆಯತೊಡಗಿದರು. ನನಗೆ ಸುದ್ದಿ ಮುಟ್ಟಿತ್ತು. ನಾನು ಬಾಯಿ ಬಿಡಲಿಲ್ಲ. ಭಾವನ ಊಟದ ತಟ್ಟೆ ತೊಳೆದೆ, ಔಷಧಿ ಹಾಕಿದೆ, ಒಳ್ಳೆಯ ಭಾವಮೈದುನ ಎನಿಸಿಕೊಂಡೆ. ಅಷ್ಟು ನೀಚ ನಾನು.

ಎರಡು ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಆ ಕೂ ಅಂದವಳೇ ಗೋಣಿಬೀಡಿನ ಭಾವನ ಮನೆಗೆ ಬಂದಳು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಮೆಟ್ಟಿಲ ಮೇಲೆ ನಿಂತು, “ಅಯ್ಯಾ, ನಂಗೆ ಗೊತ್ತಾಗ್ಲಿಲ್ಲ. ಕೂ ಅಂದ್ರು, ನಾನೂ ಕೂ ಅಂದೆ,” ಎಂದಳು.

ಅಕ್ಕ ಒಳಗಿನಿಂದ ಬಂದವಳೇ ಅವಳ ಜುಟ್ಟು ಹಿಡಿದು ಎಳೆದಳು. ಹಣ್ಣು ಚೆಲ್ಲಿತು. ಆಕೆ ಎರಡು ಮೆಟ್ಟಿಲು ಜಾರಿ ಅಂಗಳಕ್ಕೆ ಬಿದ್ದರೂ ಅಕ್ಕ ಬಿಡಲಿಲ್ಲ, ಬೆನ್ನಿಗೆ ಗುದ್ದುತ್ತಲೇ ಇದ್ದಳು. ಆಕೆ ಕೈ ಅಡ್ಡ ಹಿಡಿಯಲೂ ಇಲ್ಲ, ತನಗೆ ಬರಬೇಕಾದದ್ದೇ ಬರುತ್ತಿದೆ ಎನ್ನುವಂತೆ ಬಗ್ಗಿ ಕೂತಿದ್ದಳು. ನನಗೆ ನೋಡಲಾಗಲಿಲ್ಲ.

“ಅಕ್ಕ, ಬಿಡೇ ಅವ್ಳನ್ನ. ಅದು ಭಾವನ ಕೂ ಅಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ತಿರುಗಿಸ್ದೆ,” ಎಂದೆ.

ಅಕ್ಕನ ಕೈ ಸಡಿಲವಾಯಿತು. ಜಗಲಿಯ ಕುರ್ಚಿಯಲ್ಲಿದ್ದ ಭಾವ ನಿಧಾನವಾಗಿ ಎದ್ದರು. ಹತ್ತಿರ ಬಂದು ನನ್ನ ಮುಖವನ್ನು ಇದ್ದೊಂದು ಕಣ್ಣಿನಿಂದ ನೋಡಿದರು. ಮುಷ್ಟಿ ಕಟ್ಟಿ ಮೈಯೆಲ್ಲ ಬಲ ಹಾಕಿ ಬೀಸಿದರು.

ಏಟು ನನಗೆ ತಾಗಲೇ ಇಲ್ಲ, ಮೂಗಿನ ಮುಂದೆ ಗೇಣುದ್ದ ದೂರದಲ್ಲಿ ಗಾಳಿಯಲ್ಲಿ ಹೋಯಿತು. ಒಂದು ಕಣ್ಣಿಗೆ ಇನ್ನೂ ದೂರದ ಅಂದಾಜು ಸಿಕ್ಕಿರಲಿಲ್ಲ. ಭಾವ ಮುಗ್ಗರಿಸಿ, ಕಂಬ ಹಿಡಿದು ಸಾವರಿಸಿಕೊಂಡು, ಮತ್ತೆ ಕೈ ಎತ್ತಿದರು.

ನಾನು ಒಂದು ಹೆಜ್ಜೆ ಮುಂದೆ ಹೋಗಿ ನಿಂತೆ.